ಮೌನ ಬಿಡುವ ಹೊತ್ತಿಗೆ ಮಾತಿರಲಿಲ್ಲ

ನನ್ನ ಮಾತು ಯಾವ ಹೊತ್ತಿಗೆ ಹೋಯಿತು ಎಂದು ನನಗೆ ಗೊತ್ತಿಲ್ಲ.

ಕಾಲು ಸೋತು ಬಿದ್ದವರಿಗೆ ಗೊತ್ತಿರುತ್ತದೆ. ಅವರು ಗಡಿಯಾರ ನೋಡದಿದ್ದರೂ ಮನೆಯವರು ನೋಡಿರುತ್ತಾರೆ. ನನ್ನದು ಹಾಗಲ್ಲ. ಅವತ್ತು ಶ್ರಾವಣ ಸೋಮವಾರ. ನಾನು ಮೌನ ಹಿಡಿದಿದ್ದೆ. ಹಾಸಿಗೆಯಿಂದ ಎದ್ದಾಗಿನಿಂದ ಸಂಜೆ ದೇವರ ಮುಂದೆ ದೀಪ ಹಚ್ಚುವವರೆಗೆ ಒಂದು ಮಾತೂ ಆಡಬಾರದು. ಆಡಲಿಲ್ಲ. ಆಡುವ ಶಕ್ತಿ ಇದ್ದೂ ಆಡದೆ ಇದ್ದದ್ದು ಎಷ್ಟು ಹೊತ್ತು, ಶಕ್ತಿಯೇ ಹೋಗಿ ಆಡದೆ ಇದ್ದದ್ದು ಎಷ್ಟು ಹೊತ್ತು, ಅದು ಇವತ್ತಿಗೂ ತಿಳಿದಿಲ್ಲ.

ನಾನು ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವವಳು. ಹನ್ನೆರಡು ವರ್ಷ ಕಂಡಕ್ಟರ್ ಆಗಿ ತಿರುಗಿ, ಆಮೇಲೆ ಕಂಟ್ರೋಲ್ ರೂಮಿನ ಕುರ್ಚಿಗೆ ಬಂದೆ. ಹುಕ್ಕೇರಿ ಬಸ್ ಎಲ್ಲಿ ನಿಂತಿದೆ, ಮೂಡಲಗಿ ಬಸ್ ಎಷ್ಟು ಹೊತ್ತಿಗೆ, ಯಾರ ಚೀಲ ಕಳೆದಿದೆ, ಯಾರ ಮಗು ಅಳುತ್ತಾ ನಿಂತಿದೆ, ಎಲ್ಲವೂ ನನ್ನ ಬಾಯಿಂದಲೇ ಮಂದಿಗೆ ತಿಳಿಯಬೇಕು. ನಾನು ಹುಟ್ಟಿದ್ದು ಮೇಲವಂಕಿಯ ಕುರಿ ಕಾಯುವ ಮನೆತನದಲ್ಲಿ. ಮೂರು ಹೊಲದಾಚೆ ಇರುವ ಅಪ್ಪನನ್ನು ಊಟಕ್ಕೆ ಕರೆಯಲು ಅವ್ವ ನನ್ನನ್ನೇ ಒಡ್ಡಿನ ಮೇಲೆ ನಿಲ್ಲಿಸುತ್ತಿದ್ದಳು, ಅಂಥ ಗಂಟಲು. ನನ್ನ ಮುಖ ಬಲ್ಲವರು ಕಡಿಮೆ. ಆದರೆ ಕಿರಾಣಿ ಅಂಗಡಿಯಲ್ಲಿ "ಅರ್ಧ ಕಿಲೋ ಬೆಲ್ಲ ಕೊಡ್ರಿ" ಎಂದರೆ ಸಾಕು, ಬಾಜೂ ನಿಂತವರು ತಿರುಗಿ, "ಬಸ್ ಸ್ಟ್ಯಾಂಡಿನ ಅಕ್ಕಾರ ನೀವ ಏನ್ರಿ?" ಎಂದು ನಗುತ್ತಿದ್ದರು. ಆ ನಗು ನನಗೆ ಪಗಾರಕ್ಕಿಂತ ದೊಡ್ಡದಾಗಿತ್ತು. ಸುಳ್ಳು ಯಾಕೆ ಹೇಳಲಿ.

ಸಿಟ್ಟೂ ಅಷ್ಟೇ ದೊಡ್ಡದು. ಮೌನ ಹಿಡಿಯುವುದನ್ನು ಹೇಳಿಕೊಟ್ಟವರು ಅತ್ತೆ. "ಆರು ದಿನ ಊರಿಗೆಲ್ಲಾ ಒದರತಿ, ಶ್ರಾವಣದಾಗ ಸೋಮಾರ ಒಂದಿನ ಬಾಯಿ ಮುಚ್ಚ. ಶಿವಾನೂ ಒಲೀತಾನ, ಮನೀನೂ ತಣ್ಣಗಿರ್ತೈತಿ" ಎಂದಿದ್ದರು. ಅವರು ಚೇಷ್ಟೆಗೆ ಹೇಳಿದ್ದು. ನಾನು ಹಟಕ್ಕೆ ಹಿಡಿದೆ. ಒಂಬತ್ತು ಶ್ರಾವಣ ತಪ್ಪಿಸಲಿಲ್ಲ. ಸೋಮವಾರಕ್ಕೆ ವಾರದ ರಜೆ ಹಾಕಿಸಿಕೊಂಡು ಉಪವಾಸ, ಮೌನ, ಸಂಜೆ ದೀಪ ಹಚ್ಚಿ "ಶಿವ ಶಿವ" ಎಂದು ಬಾಯಿ ಬಿಡುವುದು, ಆಮೇಲೆ ಊಟ. ನನಗೆ ಬಿಪಿ ಇತ್ತು. ಊಟದ ಮೇಲೆ ನುಂಗುವ ಗುಳಿಗೆ. ಉಪವಾಸದ ದಿನ ಊಟವಿಲ್ಲ, ಆದ್ದರಿಂದ ಗುಳಿಗೆಯೂ ಇಲ್ಲ. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಆ ಡಾಕ್ಟರ್ ನಾನೇ.

ಅವತ್ತು ಹನ್ನೊಂದರ ಸುಮಾರಿಗೆ ಸಜ್ಜಕದ ಹೋಳಿಗೆ ಲಟ್ಟಿಸುತ್ತಿದ್ದೆ. ಲಟ್ಟಣಿಗೆ ಕೈಯಿಂದ ಜಾರಿ ಉರುಳಿತು. ಎತ್ತಿಕೊಂಡೆ. ಮತ್ತೆ ಜಾರಿತು. ಬಲಗೈ ಬೆರಳುಗಳಲ್ಲಿ ಜೋಮು ಹಿಡಿದಂತಿತ್ತು. ಉಪವಾಸದ ನಿತ್ರಾಣ ಎಂದುಕೊಂಡೆ. ಅತ್ತೆ ನೋಡಿ, "ಯಾಕ, ಏನಾತು?" ಎಂದರು. ಏನಿಲ್ಲ ಎಂದು ಕೈ ಆಡಿಸಿದೆ. ಒಂದು ಗಂಟೆಗೆ ಗಂಡ ಊಟಕ್ಕೆ ಬಂದರು. ಭೀಮಪ್ಪ, ಅವರಿಗೆ ಮೋಟರ್ ರಿವೈಂಡಿಂಗ್ ಅಂಗಡಿ ಇದೆ, ದಿನವಿಡೀ ತಾಮ್ರದ ತಂತಿ ಸುತ್ತುವ ಮನುಷ್ಯ. ಮಾತು ಕಡಿಮೆ. ನಾನು ಸಾರು ಬಡಿಸುವಾಗ ಅರ್ಧ ತಾಟಿನ ಹೊರಗೆ ಬಿತ್ತು. ತಲೆಯೆತ್ತಿ, "ಆರಾಮ ಅದೀಯಿಲ್ಲ?" ಎಂದು ಕೇಳಿದರು. ನಾನು ತುಟಿಯ ಮೇಲೆ ಬೆರಳಿಟ್ಟು, ಮೌನ ಎಂದು ಸನ್ನೆ ಮಾಡಿದೆ. ಅವರು ಸುಮ್ಮನೆ ಉಂಡು ಹೋದರು.

ಸಂಜೆ ದೀಪ ಹಚ್ಚಿದೆ. ಕೈ ಮುಗಿದೆ. ಬಾಯಿ ತೆರೆದೆ.

"ತ."

ಶಿವ ಎನ್ನಬೇಕಿತ್ತು. ಮತ್ತೆ ತೆರೆದೆ. "ತ. ತ." ತಲೆಯಲ್ಲಿ ಹೆಸರು ಸ್ಪಷ್ಟ ಇದೆ. ಬಾಯಿಗೆ ಬರುವ ದಾರಿ ಇಲ್ಲ. ಅಷ್ಟರಲ್ಲಿ ಅಂಗಡಿ ಮುಚ್ಚಿ ಬಂದಿದ್ದ ಗಂಡ ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದು ನಕ್ಕರು. ನನ್ನ ಕಣ್ಣು ನೋಡಿ ನಗು ನಿಲ್ಲಿಸಿದರು. ಅತ್ತೆ ಎದೆ ಬಡಿದುಕೊಂಡರು. "ಯಪ್ಪಾ ಶಿವನ, ವ್ರತದಾಗ ಏನರ ತಪ್ಪಾಗೇತಿ! ಕಾಯಿ ಒಡೀರಿ, ತಪ್ಪಾತು ಅನ್ರಿ!" ನೆರೆಮನೆಯವರು ಬಂದು, ಇದು ಲಕ್ವಾ, ಹಳ್ಳಿಯೊಂದರಲ್ಲಿ ಎಣ್ಣೆ ತಿಕ್ಕುವವರಿದ್ದಾರೆ, ಇವತ್ತೇ ಹೋದರೆ ನಾಳೆಗೆ ಗುಣ ಎಂದರು. ಕಾಯಿ ಒಡೆಯುವುದೋ, ಎಣ್ಣೆ ತಿಕ್ಕಿಸುವುದೋ ಎಂಬ ವಾದ ನನ್ನ ತಲೆಯ ಮೇಲೆಯೇ ನಡೆಯಿತು. ನಾನು ಎಲ್ಲವನ್ನೂ ಕೇಳುತ್ತಿದ್ದೆ. ದವಾಖಾನೆಗೆ ಕರೆದುಕೊಂಡು ಹೋಗಿ ಎಂದು ಕೂಗಬೇಕಿತ್ತು. ಜೀವನವಿಡೀ ಕೂಗಿದವಳಿಗೆ ಆ ಒಂದು ಕೂಗು ಬರಲಿಲ್ಲ. ಕೊನೆಗೆ ಗಂಡನ ಅಂಗಿ ಹಿಡಿದು ಬಾಗಿಲಿಗೆ ಎಳೆದೆ. ಅವರು ಯಾರ ಮಾತೂ ಕೇಳದೆ ಆಟೋ ಕರೆದರು.

ಗೋಕಾಕದ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿದರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ.

"ಇವರು ಕೊನೆಗೆ ಸರಿಯಾಗಿ ಮಾತಾಡಿದ್ದು ಯಾವಾಗ?"

ಗಂಡ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರರ ಕಡೆ ತಿರುಗಿದರು.

"ನಿನ್ನಿ ರಾತ್ರಿ, ಸರ್."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಮೆದುಳಿನ ರಕ್ತನಾಳದಲ್ಲಿ ಕೂತ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯಂತೆ. ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಯಾವಾಗ ಶುರುವಾಯಿತು ಎಂದು ಖಾತ್ರಿ ಇಲ್ಲದಿದ್ದರೆ ಕೊಡಲಾಗದು, ಕೊಟ್ಟರೆ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ. ನನಗೆ ಇದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾಗುವ ಭಾಗಕ್ಕೆ ಏನೂ ಆಗಿರಲಿಲ್ಲ. ಹನ್ನೊಂದು ಗಂಟೆಗೆ ಲಟ್ಟಣಿಗೆ ಬಿತ್ತು ಎಂದು ಹೇಳಬೇಕು ಎನ್ನಿಸಿತು. ಹೇಳಿದ್ದರೂ ಹೊತ್ತು ಮೀರಿತ್ತು, ಅದು ಬೇರೆ ಮಾತು.

ಆಂಬುಲೆನ್ಸಿನಲ್ಲಿ ಬೆಳಗಾವಿ. ಎಂ.ಆರ್.ಐ. ಒಂಬತ್ತು ದಿನ. ಎಡಗಡೆಯ ಮೆದುಳಿನಲ್ಲಿ ಸ್ಟ್ರೋಕ್. ಕೈ ನಾಲ್ಕೈದು ದಿನಕ್ಕೆ ಚೇತರಿಸಿಕೊಂಡಿತು. ಮಾತು ಹೋದದ್ದಕ್ಕೆ ಅಫೇಸಿಯಾ ಎಂಬ ಹೆಸರಿಟ್ಟರು. ಬೆಲ್ಲದ ಬಾಗೇವಾಡಿಗೆ ಕೊಟ್ಟ ಮಗಳು ಶಿಲ್ಪಾ ಓಡಿ ಬಂದು ಮಂಚದ ಬಾಜೂ ಕೂತು, "ಅವ್ವಾ, ನನ್ನ ಹೆಸರು ಹೇಳ" ಎಂದಳು. ನಾನಿಟ್ಟ ಹೆಸರು. ಇಪ್ಪತ್ತನಾಲ್ಕು ವರ್ಷ ಕರೆದ ಹೆಸರು.

"ಮುಂದ ನಡೀರಿ," ಎಂದೆ.

ಕಂಡಕ್ಟರ್ ಆಗಿದ್ದಾಗ ದಿನಕ್ಕೆ ನೂರು ಸಲ ಹೇಳಿದ ಮಾತು ಅದು. ಎಲ್ಲವೂ ಅಳಿಸಿ ಅದೊಂದು ಉಳಿದುಕೊಂಡಿತ್ತು. ನೀರು ಬೇಕಾದರೆ ಮುಂದ ನಡೀರಿ. ನೋವಾದರೆ ಮುಂದ ನಡೀರಿ. ಶಿಲ್ಪಾ ಮೊದಲು ನಕ್ಕಳು, ಆಮೇಲೆ ಹೊರಗೆ ಹೋಗಿ ಅತ್ತಳು. ಅವಳು ಅತ್ತದ್ದು ನನಗೆ ಕೇಳಿಸಿತು.

ಮನೆಗೆ ಬಂದ ಮೇಲೆ ಶುರುವಾದದ್ದು ನೋಡಲು ಬರುವವರ ಕಾಟ. ನಮ್ಮ ಕಡೆ ಜಡ್ಡಾದವರನ್ನು ನೋಡಲು ಹೋಗದಿದ್ದರೆ ಅದು ದೊಡ್ಡ ತಪ್ಪು. ಬಿಸ್ಕೀಟು, ಎಳನೀರು ಹಿಡಿದು ಬರುತ್ತಾರೆ. ಬಂದವರೆಲ್ಲ ಒಂದೇ ಪರೀಕ್ಷೆ ಇಡುತ್ತಾರೆ. "ನಾ ಯಾರ ಹೇಳ ನೋಡೋಣ? ಗುರ್ತ ಹತ್ತಿತೇನ?" ಗುರುತು ಹತ್ತಿರುತ್ತದೆ. ಅವರ ಮೂರು ತಲೆಮಾರು ಗೊತ್ತಿರುತ್ತದೆ. ಹೆಸರು ಮಾತ್ರ ಬಾರದು. ನಾನು ತಡವರಿಸಿದರೆ ಅವರು ನನ್ನ ಎದುರಿಗೇ ಅತ್ತೆಯ ಕಡೆ ತಿರುಗಿ, "ಪಾಪ, ತಲಿ ಕೆಟ್ಟೈತಿ" ಎನ್ನುತ್ತಿದ್ದರು. ಒಂದು ದಿನ ದೂರದ ನಾದಿನಿ ನಾಲ್ಕು ಸಲ ಕೇಳಿದಳು. ನಾ ಯಾರ? ನಾ ಯಾರ ಹೇಳ ಬೇ? ಗದ್ದ ಹಿಡಿದು ಅಲ್ಲಾಡಿಸಿದಳು.

"ಎದ್ದ ಹೋಗ ಸುಡಗಾಡಕ್ಕ!"

ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಬಂತು. ಅತ್ತೆ ಚಪ್ಪಾಳೆ ತಟ್ಟಿದರು. "ಬಂತು! ಮಾತ ಬಂತು! ಖರೇನ ನಮ್ಮ ಸುವರ್ಣಾನ ಇಕಿ!" ಬೈಸಿಕೊಂಡ ನಾದಿನಿಯೂ ಕಣ್ಣೊರೆಸಿಕೊಂಡು ನಕ್ಕಳು. ಓಣಿಗೆಲ್ಲ ಸಕ್ಕರೆ ಹಂಚಲು ಹೊರಟವರನ್ನು ಗಂಡ ತಡೆದರು. ಏಕೆಂದರೆ ಅದರ ಹಿಂದೆ ಇನ್ನೊಂದು ಮಾತು ಬರಲಿಲ್ಲ. ಸಿಟ್ಟು ಬಂದಾಗ ಬೈಗುಳ ಬರುತ್ತದೆ, ಬೇಕೆಂದಾಗ ಬೇಕಾದ ಮಾತು ಬಾರದು. ಇದೂ ಆ ರೋಗದ ಒಂದು ಗುಣವೇ ಎಂದು ಆಮೇಲೆ ತಿಳಿಯಿತು.

ತಿಳಿಸಿದವಳು ಲಿಜಿ. ನಮ್ಮೂರಿನ ದವಾಖಾನೆಗೆ ವಾರಕ್ಕೆರಡು ದಿನ ಬರುವ ಸ್ಪೀಚ್ ಥೆರಪಿಸ್ಟ್, ಕೇರಳದವಳು, ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಅವಳ ಕನ್ನಡ ಪುಸ್ತಕದಿಂದ ಇಳಿದು ಬಂದದ್ದು. "ನೀವು ಭಯ ಪಡಬಾರದು. ನಾವು ದಿನವೂ ಅಭ್ಯಾಸ ಮಾಡೋಣ," ಎಂದಳು. ಕನ್ನಡ ಬಾರದವಳು ನನಗೆ ಕನ್ನಡ ಕಲಿಸಲು ಬಂದಳಲ್ಲ ಎಂದು ಮೈಯೆಲ್ಲ ಉರಿಯಿತು. ಬಯ್ಯೋಣವೆಂದರೆ ಬಾಯಿಲ್ಲ.

ದಿನವೂ ಬೆಳಿಗ್ಗೆ ಐದೂವರೆಗೆ ಮಾಳಿಗೆಯ ಮೇಲೆ ಕನ್ನಡಿ ಹಿಡಿದು ಕೂಡುತ್ತಿದ್ದೆ. ತುಟಿ ಮುಚ್ಚು, ಪ. ನಾಲಿಗೆ ಎತ್ತು, ಲ. ವಾರದ ಹೆಸರು ಸಾಲಾಗಿ ಹೇಳಿದರೆ ಬರುತ್ತಿದ್ದವು. ನಡುವಿನ ಗುರುವಾರವೊಂದನ್ನೇ ಹೇಳು ಎಂದರೆ ಬರುತ್ತಿರಲಿಲ್ಲ. ನಲವತ್ತು ನಿಮಿಷಕ್ಕೆ ಬೆವರಿನಿಂದ ಕುಪ್ಪಸ ತೊಯ್ಯುತ್ತಿತ್ತು. ಗಂಡ ಎದುರಿಗೆ ಕೂತು ಕೇಳುತ್ತಿದ್ದರು. ಅತ್ತೆ ಕೆಳಗಿನಿಂದ, "ಬಾಯಿದ್ದವ ಬರಗಾಲದಾಗೂ ಬದಕತಾನಂತ, ಒದರ ಮಗಳ, ಒದರ!" ಎಂದು ಹುರಿದುಂಬಿಸುತ್ತಿದ್ದರು. ಬಾಯಿ ಮುಚ್ಚಲು ಹೇಳಿದ್ದು ತಾನೇ ಎಂಬ ಸಂಕಟ ಅವರನ್ನು ಒಳಗೇ ತಿನ್ನುತ್ತಿತ್ತು.

ಎರಡು ತಿಂಗಳಾದ ಮೇಲೆ ಕಚೇರಿಯ ಸಾಹೇಬರು ಮನೆಗೆ ಬಂದರು. ಒಳ್ಳೆಯ ಮನುಷ್ಯ. ಚಹ ಕುಡಿದು, ಕಪ್ಪು ಕೆಳಗಿಟ್ಟು ಹೇಳಿದರು. "ರಜಾ ಇನ್ನ ನಾಲ್ಕ ತಿಂಗಳ ಐತ್ರಿ ಅಕ್ಕಾರ. ಫಿಟ್‌ನೆಸ್ ಸರ್ಟಿಫಿಕೇಟ್ ತಂದ್ರ ಮೈಕ್ ನಿಮ್ಮದ. ಇಲ್ಲಂದ್ರ ಸ್ಟೋರಿನಾಗ ಕುಂಡ್ರುವ ಕೆಲಸ ಐತಿ. ಮಾತಾಡೂದ ಏನೂ ಇರೂದಿಲ್ಲ."

ಮಾತಾಡೂದು ಏನೂ ಇರೂದಿಲ್ಲ. ಅವರು ಸಮಾಧಾನಕ್ಕೆ ಹೇಳಿದ ಮಾತು ನನ್ನ ಎದೆಗೆ ಚುಚ್ಚಿತು. ಪಗಾರ ಅಷ್ಟೇ ಬರುತ್ತದೆ, ಮನೆ ನಡೆಯುತ್ತದೆ, ನನಗೆ ಗೊತ್ತು. ಆದರೆ ಟಯರು, ನಟ್ಟು, ಬೋಲ್ಟುಗಳ ನಡುವೆ ಬಾಯಿ ಮುಚ್ಚಿ ಕೂತು ನಿವೃತ್ತಿಯಾಗುವ ಸುವರ್ಣಾ ನನಗೆ ಯಾರೋ ಬೇರೆ ಹೆಂಗಸು. ನನಗೆ ಆ ಕುರ್ಚಿ ಬೇಕಿತ್ತು, ಆ ಮೈಕು ಬೇಕಿತ್ತು. ಬೇಕು ಎಂದು ಹೇಳಲಿಕ್ಕೂ ಆಗದೆ ಅವರೆದುರು ಅತ್ತುಬಿಟ್ಟೆ.

ಅಲ್ಲಿಂದ ನಾನೊಂದು ಉಪಾಯ ಹಿಡಿದೆ. ಥೆರಪಿಯ ಕಾರ್ಡು, ಚಿತ್ರ, ಹಣ್ಣಿನ ಹೆಸರು ಎಲ್ಲ ಬದಿಗಿಟ್ಟೆ. ನನಗೆ ಬೇಕಾದದ್ದು ಮೈಕಿನ ಮಾತು, ಅದನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದೆ. ಗಂಡ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. "ಪ್ರಯಾಣಿಕರ ಗಮನಕ್ಕೆ. ಗೋಕಾಕದಿಂದ ಘಟಪ್ರಭಾ, ಬೆಲ್ಲದ ಬಾಗೇವಾಡಿ ಮಾರ್ಗವಾಗಿ ಹುಕ್ಕೇರಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ." ದಿನಕ್ಕೆ ಅರವತ್ತು ಸಲ, ಎಪ್ಪತ್ತು ಸಲ. ಹುಕ್ಕೇರಿ ಆದ ಮೇಲೆ ಮೂಡಲಗಿ, ಆಮೇಲೆ ಮೇಲವಂಕಿ. ಒಂದೂವರೆ ತಿಂಗಳಿಗೆ ಮೂರೂ ಬಂದವು. ಅದೇ ರಾಗ, ಅದೇ ಗತ್ತು. ಮಾಳಿಗೆಯಿಂದ ಕೂಗಿದರೆ ಓಣಿಯ ಮಂದಿ ಕೆಳಗೆ ನಿಂತು ಕೇಳಿದರು. ಗಂಡ ಆ ದಿನ ಅರ್ಧ ಕಿಲೋ ಪೇಡೆ ತಂದರು. ಸರ್ಟಿಫಿಕೇಟ್ ಕೈಗೆ ಬಂದಂತೆಯೇ ಎಂದು ನಾವಿಬ್ಬರೂ ನಂಬಿದೆವು.

ಲಿಜಿಯ ಎದುರು ನಿಂತು ಮೂರನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ನಗಲಿಲ್ಲ.

"ಚೆನ್ನಾಗಿದೆ. ಇವತ್ತು ಬೆಳಿಗ್ಗೆ ನೀವು ಏನು ತಿಂದಿರಿ?"

ಬಾಯಿ ತೆರೆದೆ. ಏನೂ ಇಲ್ಲ. ಅವಲಕ್ಕಿ ತಿಂದಿದ್ದೆ. ನಾಲಿಗೆಯ ಮೇಲೆ ರುಚಿ ಇನ್ನೂ ಇತ್ತು, ಹೆಸರಿರಲಿಲ್ಲ. ಗಂಡ ಹಿಂದಿನಿಂದ, "ಅವಲಕ್ಕಿ ತಿಂದಾಳ್ರಿ ಮೇಡಂ" ಎಂದರು.

"ನೀವು ಹೇಳಬಾರದು ಸರ್." ಲಿಜಿ ನನ್ನ ಕೈ ಹಿಡಿದಳು. "ಅಕ್ಕ, ಇದು ಗಿಣಿಪಾಠ. ಮಾತಲ್ಲ. ಸರ್ಟಿಫಿಕೇಟ್ ಕೊಡುವ ಡಾಕ್ಟರ್ ಬೋರ್ಡಿನಲ್ಲಿ ಒಂದು ಹೊಸ ಪ್ರಶ್ನೆ ಕೇಳಿದರೆ ನೀವು ನಿಂತುಬಿಡುತ್ತೀರಿ."

ನಾನು ಕೈ ಕಿತ್ತುಕೊಂಡು ಎದ್ದು ಬಂದೆ. ಎರಡು ವಾರ ಆ ಕಡೆ ಕಾಲಿಡಲಿಲ್ಲ. ಅವಳ ಮಾತು ಖರೆ ಎಂದು ಒಳಗೆ ಗೊತ್ತಿತ್ತು, ಅದಕ್ಕೇ ಅಷ್ಟು ಸಿಟ್ಟು. ಆ ಸಿಟ್ಟನ್ನು ಗಂಡನ ಮೇಲೆ ತೀರಿಸಿದೆ. ಅಂಗಡಿಯಲ್ಲಿ, ಮೆಡಿಕಲ್ ಶಾಪಿನಲ್ಲಿ, ಫೋನಿನಲ್ಲಿ, ಎಲ್ಲ ಕಡೆ ನನಗೆ ಕೇಳಿದ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಿದ್ದರು. ನಾನು 'ಉ' ಎನ್ನುವಷ್ಟರಲ್ಲಿ ಉಪ್ಪು, ಉಳ್ಳಾಗಡ್ಡಿ ಎರಡೂ ಚೀಲಕ್ಕೆ ಬಿದ್ದಿರುತ್ತಿದ್ದವು. ಒಂದು ಮಧ್ಯಾಹ್ನ ಬರೆಯುವ ಪಾಟಿಯನ್ನು ಗೋಡೆಗೆ ಎಸೆದೆ. ಒಡೆಯಿತು.

"ನೀ... ಸುಮ್. ನೀ ಸುಮ್ಮ!" ಎಂದೆ.

ಅವರು ಚೂರು ಆಯುತ್ತಾ ಕೂತಲ್ಲಿಯೇ ಹೇಳಿದರು. "ಸುಮ್ಮ ಇದ್ದಿದ್ದಕ್ಕನ ಹಿಂಗಾತಲ್ಲ ಸುವರ್ಣಾ. ಸಾರು ತಾಟಿನ ಹೊರಗ ಬಿದ್ದಾಗ ನಾ ಇನ್ನೊಂದ ಸಲ ಕೇಳಬೇಕಾಗಿತ್ತು. ನೀ ತುಟಿ ಮ್ಯಾಲ ಬಟ್ಟ ಇಟ್ಟ ತೋರಿಸಿದಿ, ನಾ ಉಂಡ ಎದ್ದ ಹೋದ್ನಿ. ಈಗ ನೀ ತಡದ್ರ ನನಗ ಜೀವ ಹೋದಂಗ ಆಗ್ತೈತಿ. ಅದಕ್ಕ ಮಾತ ಬಾಯಾಗಿಂದ ಕಸಗೊಂಡ ಬಿಡ್ತೇನಿ."

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರ ತಪ್ಪಲ್ಲ, ಗುಳಿಗೆ ಬಿಟ್ಟದ್ದು ನಾನು, ಬೆರಳು ತೋರಿಸಿದ್ದು ನಾನು. ಇದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದೆ, ತುಂಡು ತುಂಡಾಗಿ. "ನಿಂದ... ಅಲ್ಲ. ನಂದು. ಗುಳಿಗಿ." ಅವರಿಗೆ ತಿಳಿಯಿತು. ಮರುದಿನ ಲಿಜಿಯ ಹತ್ತಿರ ಹೋದೆ.

ಅವಳು ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಪುಟ ಪುಟ ಮಲಯಾಳಂ ಅಕ್ಷರದಲ್ಲಿ ಕನ್ನಡ ವಾಕ್ಯಗಳು. ಇಲ್ಲಿಗೆ ಬಂದಾಗ ಒಂದು ಅಕ್ಷರ ಕನ್ನಡ ಬರುತ್ತಿರಲಿಲ್ಲವಂತೆ. ದಿನಕ್ಕೊಬ್ಬ ಗುರುತಿಲ್ಲದ ಮನುಷ್ಯನ ಜೊತೆ ಐದು ನಿಮಿಷ ಮಾತು, ರೂಮಿಗೆ ಬಂದು ಬರೆಯುವುದು. "ಕಾಯಿಪಲ್ಲೆ ಮಾರುವ ಅಜ್ಜಿ ನನ್ನ ಕನ್ನಡಕ್ಕೆ ದಿನಾ ನಗುತ್ತಿದ್ದರು. ನಾಚಿಕೆ ಬಿಟ್ಟ ದಿನ ಕನ್ನಡ ಬಂತು. ನೀವು ಗುರುತಿನವರ ಜೊತೆ ಮಾತಾಡಬೇಡಿ, ಅವರು ನಿಮ್ಮ ಮಾತು ತುಂಬಿಬಿಡುತ್ತಾರೆ. ಗುರುತಿಲ್ಲದವರು ಕಾಯುತ್ತಾರೆ, ಏಕೆಂದರೆ ನೀವು ಏನು ಹೇಳುತ್ತೀರಿ ಎಂದು ಅವರಿಗೆ ಗೊತ್ತಿಲ್ಲ."

ಗುರುತಿಲ್ಲದ ಮಂದಿ ಎಲ್ಲಿ ಸಿಗುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ದಿನವೂ ಒಂದು ಬಸ್ ಹತ್ತಿದೆ. ಒಂದು ದಿನ ಮೂಡಲಗಿ, ಒಂದು ದಿನ ಮೇಲವಂಕಿ, ಒಂದು ದಿನ ಹುಕ್ಕೇರಿ. ಪರಿಚಯದ ಕಂಡಕ್ಟರ್ ಇದ್ದರೆ ಇಳಿದು ಮುಂದಿನದಕ್ಕೆ ಕಾದೆ. ಬಾಜೂ ಕೂತವರನ್ನು "ಎಲ್ಲಿಗ್ರಿ?" ಎಂದು ಕೇಳುವುದು ನನ್ನ ಪಾಲಿನ ಕೆಲಸ. ಅಷ್ಟು ಕೇಳಿದರೆ ಸಾಕು, ನಮ್ಮ ಕಡೆಯವರು ಇಳಿಯುವವರೆಗೆ ಬಿಡುವುದಿಲ್ಲ. ಮೂಡಲಗಿಗೆ ಹೊರಟ ಅಜ್ಜಿಯೊಬ್ಬಳು ಎಮ್ಮೆ ಹಾಲು ಬತ್ತಿದ ಕಥೆ ಹೇಳಿ, ಏನು ಹಾಕಬೇಕು ಎಂದು ನನ್ನನ್ನೇ ಕೇಳಿದಳು. ನಾನು "ಹತ್ತಿ... ಹತ್ತಿ ಕಾಳ" ಎಂದು ಮುಗಿಸುವವರೆಗೆ ಬಾಯಿ ತೆರೆದುಕೊಂಡು ಕಾದಳು. ಎಲ್ಲರೂ ಹಾಗಿರಲಿಲ್ಲ. ನನ್ನ ತೊದಲು ಕೇಳಿ, ಕುಡಿದಿದ್ದೇನೆ ಎಂದು ಸೀಟು ಬದಲಿಸಿದವಳೂ ಇದ್ದಳು. ಅವತ್ತು ಮನೆಗೆ ಬಂದು ಊಟ ಬಿಟ್ಟು ಮಲಗಿದೆ. ಮರುದಿನ ಮತ್ತೆ ಹೋದೆ.

ರಜೆ ಮುಗಿಯಲು ಮೂರು ವಾರ ಇದ್ದಾಗ ಹುಕ್ಕೇರಿಯಿಂದ ಒಬ್ಬಳೇ ಮರಳುತ್ತಿದ್ದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ನಿಂತೇ ಇದ್ದೆ. ಹೊಸ ಕಂಡಕ್ಟರ್ ಬಂದು, "ಎಲ್ಲಿಗೆ?" ಎಂದ.

ಗೋಕಾಕ ಎನ್ನಬೇಕು. ನಾನು ಇರುವ ಊರು. ದಿನಕ್ಕೆ ನೂರು ಸಲ ಕೂಗಿದ ಊರು.

ಬರಲಿಲ್ಲ.

"ಎಲ್ಲಿಗ್ರಿ ಅಕ್ಕಾ, ಲಗೂನ ಹೇಳ್ರಿ." ಕಿವಿಯಲ್ಲಿ ರಕ್ತ ಬಡಿಯತೊಡಗಿತು. ಮತ್ತೆ ಸ್ಟ್ರೋಕ್ ಆಗುತ್ತಿದೆಯೇ ಎಂಬ ಭಯ. ಬಲಗೈ ಮುಷ್ಟಿ ಹಿಡಿದು ನೋಡಿದೆ, ಹಿಡಿಯಿತು. ಹಿಂದಿನ ಸೀಟಿನಿಂದ ಒಬ್ಬಳು ಮರುಕದಿಂದಲೇ ಹೇಳಿದಳು. "ಮೂಕಿ ಅದಾಳ್ರಿ ಪಾಪ, ಕೈಸನ್ನಿ ಮಾಡಿ ಕೇಳ್ರಿ."

ಆ ಮಾತಿಗೆ ಬೈಗುಳವೇ ಬರುವುದಿತ್ತು, ತಡೆದೆ. ಉಸಿರು ಬಿಟ್ಟೆ. ಬಾಗಿಲು ಮುಚ್ಚಿದ್ದರೆ ಹಿತ್ತಲಿನಿಂದ ಹೋಗಿ ಎಂದು ಲಿಜಿ ಹೇಳುತ್ತಿದ್ದಳು. "ಘಟಪ್ರಭಾ... ದಾಟಿ. ಮುಂದಿನ ಊರ. ದೊಡ್ಡ ಊರ. ಕೋರ್ಟ್ ಐತಲ್ಲ. ಅಲ್ಲಿ."

"ಗೋಕಾಕ ಅನ್ರಿ ಮತ್ತ," ಎಂದು ಅವನು ಟಿಕೆಟ್ ಹರಿದ.

"ಹೌದು. ಗೋಕಾಕ. ಗೋಕಾಕ. ಗೋಕಾಕ," ಎಂದೆ. ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನವಳ ಕಡೆ ತಿರುಗಿ, "ಮೂಕಿ ಅಲ್ಲ. ಜಡ್ಡು," ಎಂದೆ. ಅವಳು ಸರಿದು ಜಾಗ ಕೊಟ್ಟಳು. ಘಟಪ್ರಭಾದವರೆಗೆ ನನ್ನ ಜಡ್ಡಿನ ಕಥೆಯನ್ನು ನಾನೇ ಹೇಳಿದೆ. ನನ್ನ ಬಾಯಿಂದ ಅದನ್ನು ಕೇಳಿದ ಮೊದಲನೆಯವಳು ಅವಳೇ. ಹೆಸರು ಕೇಳುವುದು ಮರೆತೆ.

ಬೆಳಗಾವಿಯಲ್ಲಿ ಬೋರ್ಡಿನ ಡಾಕ್ಟರುಗಳು ಮುಕ್ಕಾಲು ತಾಸು ಪರೀಕ್ಷೆ ಮಾಡಿದರು. ಬಿಪಿ ನೋಡಿದರು, ಚಿತ್ರ ತೋರಿಸಿದರು, ಏನೇನೋ ಕೇಳಿದರು. ಕೆಲವಕ್ಕೆ ಉತ್ತರಿಸಿದೆ, ಕೆಲವಕ್ಕೆ ನಿಂತೆ. ಕೊನೆಗೆ ಹಿರಿಯರೊಬ್ಬರು, "ನಿಮಗೆ ಆ ಕೆಲಸವೇ ಯಾಕೆ ಬೇಕು?" ಎಂದರು. ಇದಕ್ಕೆ ಯಾರೂ ಪಾಠ ಮಾಡಿಸಿರಲಿಲ್ಲ. "ನನಗ... ಅದ ಸೇರತೈತಿ, ಸರ್," ಎಂದೆ. ಒಂದು ತಿಂಗಳ ಮಟ್ಟಿಗೆ, ಇನ್ನೊಬ್ಬರ ಜೊತೆಯಲ್ಲಿ, ನೋಡಿ ತೀರ್ಮಾನಿಸುವುದು ಎಂದು ಬರೆದುಕೊಟ್ಟರು. ಪೂರಾ ಹೌದೂ ಅಲ್ಲ, ಪೂರಾ ಇಲ್ಲವೂ ಅಲ್ಲ.

ಮೊದಲ ದಿನ ಕಂಟ್ರೋಲ್ ರೂಮಿನ ಕಿಟಕಿಯ ಹಿಂದೆ ಕೂತೆ. ಜೊತೆಗೆ ಹಾಕಿದ್ದ ಸಹೋದ್ಯೋಗಿ ನಾಗೇಶ ಬಾಜೂ ಕುರ್ಚಿಯಲ್ಲಿ. ಹುಕ್ಕೇರಿ ಬಸ್ ಕೂಗಿದೆ. ಮೇಲವಂಕಿ ಕೂಗಿದೆ. ಕಲಿತ ಪಾಠ, ನೀರು ಹರಿದಂತೆ ಹೋಯಿತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹನ್ನೊಂದೂವರೆಗೆ ನಾಗೇಶನನ್ನು ಡಿಪೋಗೆ ಕರೆದರು. "ಹತ್ತ ನಿಮಿಷ ಅಕ್ಕಾರ, ಈಗ ಬಂದ್ನಿ," ಎಂದು ಹೋದ.

ಅಷ್ಟರಲ್ಲಿ ಡ್ರೈವರ್ ಒಬ್ಬ ಕಿಟಕಿಗೆ ಬಂದ. ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಮೂಡಲಗಿ ಬಸ್ಸಿನ ಕ್ಲಚ್ ಹೋಗಿದೆ, ಬೇರೆ ಬಸ್ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ, ಹೇಳಿಬಿಡಿ ಎಂದ. ಹೇಳಿ ಹೋಗೇಬಿಟ್ಟ. ಕೆಟ್ಟ ಬಸ್ಸಿನೊಳಗೆ ಅರವತ್ತು ಎಪ್ಪತ್ತು ಮಂದಿ. ಸಂತೆ ಚೀಲ, ಕೂಸು, ಮುದುಕರು. ಬಿಸಿಲು ಏರುತ್ತಿತ್ತು. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಹೊಸ ಬಸ್ ಬಂದು ನಿಂತದ್ದು ಅವರಿಗೆ ಕಾಣುವುದಿಲ್ಲ. ಅದು ಐದು ನಿಮಿಷ ನಿಂತು, ಸಿಕ್ಕವರನ್ನಷ್ಟೇ ಹತ್ತಿಸಿಕೊಂಡು ಹೊರಟರೆ ಮುಂದಿನ ಬಸ್ಸಿಗೆ ಒಂದು ತಾಸು.

ಈ ವಾಕ್ಯವನ್ನು ನಾನು ಎಂದೂ ಅಭ್ಯಾಸ ಮಾಡಿರಲಿಲ್ಲ. ನಾಗೇಶ ಬರಲಿ ಎಂದು ಬಾಗಿಲು ನೋಡಿದೆ. ಬರಲಿಲ್ಲ. ಮೈಕಿನ ಗುಂಡಿ ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ."

ಅದು ಬಂತು. ಮುಂದೆ ಗೋಡೆ. ಸ್ಪೀಕರಿನಲ್ಲಿ ಬರೀ ಗುಂಯ್ ಎಂಬ ಸದ್ದು. ಮೂರು ನಾಲ್ಕು ಜನ ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದರು. ಇನ್ನೊಂದು ಕ್ಷಣ ತಡೆದರೆ ಎಲ್ಲರೂ ನೋಡುತ್ತಾರೆ, ಆಮೇಲೆ ನನ್ನ ಜಾಗ ಸ್ಟೋರು. ಬರೆದ ಕನ್ನಡವನ್ನು ಬಿಟ್ಟುಬಿಟ್ಟೆ. ಎದುರಿಗೆ ಒಬ್ಬ ಅಜ್ಜಿ ಕೂತಿದ್ದಾಳೆ ಎಂದುಕೊಂಡು ಅವಳಿಗೆ ಹೇಳಿದೆ.

"ಮೂಡಲಗಿ ಬಸ್... ಕೆಟ್ಟೈತ್ರಿ. ಇಳೀರಿ. ಎಲ್ಲಾರೂ ಇಳೀರಿ. ಬ್ಯಾರೆ ಬಸ್... ಬಂದೈತಿ. ಒಂದನೇ ಪ್ಲಾಟ್‌ಫಾರ್ಮಿಗೆ. ಅಲ್ಲಿ ನಿಂತೈತಿ, ಮೂಡಲಗೀದು. ಲಗೂನ ಹೋಗ್ರಿ. ಮುದುಕರನ್ನ... ಮೊದಲ ಹತ್ತಸ್ರಿ."

ಗುಂಡಿ ಬಿಟ್ಟೆ. ಹಿಂದು ಮುಂದಾಗಿ, ತುಂಡಾಗಿ ಬಂದ ಮಾತು. ಒಂದೂ ಬರೆದಿಟ್ಟದ್ದಲ್ಲ, ಒಂದೂ ಯಾರೂ ಎತ್ತಿಕೊಟ್ಟದ್ದಲ್ಲ.

ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಗದ್ದಲ ಎದ್ದಿತು. ಮಂದಿ ಡ್ರೈವರನನ್ನು ಬೈಯುತ್ತಾ, ಚೀಲ ಎತ್ತಿಕೊಂಡು, ಮಕ್ಕಳ ರಟ್ಟೆ ಹಿಡಿದು ಎಳೆಯುತ್ತಾ ಒಂದನೇ ಪ್ಲಾಟ್‌ಫಾರ್ಮಿನ ಕಡೆ ನಡೆದರು. ನನ್ನ ಕಿಟಕಿಯ ಮುಂದೆಯೇ ಹಾದು ಹೋದರು. ಬಸ್ಸು ತುಂಬಿತು, ಹೊರಟಿತು. ಅಷ್ಟು ಮಂದಿಯಲ್ಲಿ ಒಬ್ಬರೂ ತಿರುಗಿ, ಮೈಕಿನಲ್ಲಿ ತೊದಲಿದ್ದು ಯಾರು ಎಂದು ನೋಡಲಿಲ್ಲ.